ಪ್ಯಾಡ್ ಹಿಡಿಯುವವರು

ಬ್ರಹ್ಮಾವರ, ಕೋಟ, ಕುಂದಾಪುರದ ಕಡೆ ಒಂಬತ್ತನೇ ತರಗತಿಯ ಪರೀಕ್ಷೆ ಮುಗಿಯಿತೆಂದರೆ ಎಷ್ಟೋ ಮನೆಗಳಲ್ಲಿ ಎರಡು ಕೆಲಸ ಬೆನ್ನುಬೆನ್ನಿಗೆ ನಡೆಯುತ್ತವೆ. ಮಗುವಿನ ಹೆಸರನ್ನು ಟ್ಯೂಷನ್ನಿಗೆ ಬರೆಸುವುದು ಒಂದು, ಕರಾಟೆ ಕ್ಲಾಸು ಬಿಡಿಸುವುದು ಇನ್ನೊಂದು. ‘ಈ ವರ್ಷ ಹತ್ತನೇ ಕ್ಲಾಸ್ ಅಲ್ದಾ, ಅದೆಲ್ಲ ಮತ್ ಕಾಂಬ’ ಅನ್ನುತ್ತಾರೆ. ಆ ‘ಮತ್ತೆ’ ಸಾಮಾನ್ಯವಾಗಿ ಬರುವುದೇ ಇಲ್ಲ. ಹತ್ತರ ಹಿಂದೆ ಪಿಯುಸಿ, ಅದರ ಹಿಂದೆ ನೀಟು, ಸಿಇಟಿ. ಮೂರನೇ ಕ್ಲಾಸಿನಿಂದ ಕಲಿತು ಹಸಿರು ಬೆಲ್ಟೋ ಕಂದು ಬೆಲ್ಟೋ ಕಟ್ಟಿಕೊಂಡಿದ್ದ ಮಗುವಿನ ಬಿಳಿ ಉಡುಪು ಅಟ್ಟ ಸೇರಿ, ಎರಡು ಮಳೆಗಾಲದಲ್ಲಿ ಬೂಸ್ಲು ಹಿಡಿಯುತ್ತದೆ.

ತಂದೆತಾಯಿಯರನ್ನು ಬೈದು ಪ್ರಯೋಜನವಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ 2024ರಲ್ಲಿ ಶೇ 94 ಫಲಿತಾಂಶ ಪಡೆದು ರಾಜ್ಯಕ್ಕೇ ಮೊದಲು ಬಂದ, 2025ರಲ್ಲಿ ದಕ್ಷಿಣ ಕನ್ನಡದ ಹಿಂದೆ ಎರಡನೆಯ ಸ್ಥಾನದಲ್ಲಿ ನಿಂತ, ಅದೇ ವರ್ಷ ಪಿಯುಸಿಯಲ್ಲಿ ಶೇ 93.90ರೊಂದಿಗೆ ಮತ್ತೆ ಮೊದಲಾದ ಉಡುಪಿ ಜಿಲ್ಲೆ ಇದು. ಇಲ್ಲಿ ಅಂಕ ಎನ್ನುವುದು ಊರಿನ ಮರ್ಯಾದೆಯ ವಿಷಯ. ಮಗು ವಾರಕ್ಕೆ ಮೂರು ಸಂಜೆ ಕಾಲು ಬೀಸಿಕೊಂಡು ಬಂದರೆ ಮನೆಯವರಿಗೆ ಕಳವಳ ಆಗುವುದು ಸಹಜ.

ನನ್ನ ತಕರಾರು ಬೇರೆ. ಇದೇ ಮಗುವನ್ನು ಕ್ಲಾಸಿಗೆ ಸೇರಿಸಿದ ದಿನ ಅಪ್ಪ ಅಮ್ಮ ಕೊಟ್ಟ ಕಾರಣ ಏನು? ‘ಸ್ವಲ್ಪ ಶಿಸ್ತು ಬರಲಿ, ಛಲ ಬರಲಿ, ಧೈರ್ಯ ಬರಲಿ.’ ಛಲ ನಿಜವಾಗಿ ಬೇಕಾಗುವ ವರ್ಷ ಬಂದಾಗ, ಛಲ ಕಲಿಸುವ ಜಾಗದಿಂದಲೇ ಮಗುವನ್ನು ಎಬ್ಬಿಸಿಕೊಂಡು ಬರುತ್ತೇವೆ. ಅಂದರೆ ಛಲವನ್ನು ನಾವು ದಡಾರದ ಚುಚ್ಚುಮದ್ದಿನ ಹಾಗೆ ಭಾವಿಸಿದ್ದೇವೆ: ಸಣ್ಣವರಿದ್ದಾಗ ಒಂದೆರಡು ಡೋಸು ಕೊಡಿಸಿದರೆ ಆಯಿತು, ಒಳಗೆ ಉಳಿದುಕೊಳ್ಳುತ್ತದೆ. ಸಮರಕಲೆಯ ಕ್ಲಾಸಿನಲ್ಲಿ ನಿಜವಾಗಿ ಏನು ನಡೆಯುತ್ತದೆ ಎಂದು ಹತ್ತಿರ ನಿಂತು ನೋಡಿದವರಿಗೆ ಈ ತಿಳಿವಳಿಕೆ ಎಷ್ಟು ತಪ್ಪೆಂದು ಗೊತ್ತಾಗುತ್ತದೆ. ಅಲ್ಲಿ ಛಲ ಯಾರೊಬ್ಬರ ಸ್ವಂತ ಗಂಟೂ ಅಲ್ಲ. ಎದುರಿಗೆ ನಿಂತವರು ಪ್ರತಿ ಸಂಜೆ ಅದನ್ನು ಕಡ ಕೊಡುತ್ತಿರುತ್ತಾರೆ.

ಬ್ರಹ್ಮಾವರದ ಹತ್ತಿರದ ಒಂದು ಶಾಲೆಯ ಸಭಾಂಗಣ. ಆಷಾಢದ ಸಂಜೆ, ಹೊರಗೆ ಮಳೆ ಹಿಡಿದುಕೊಂಡಿದೆ. ತಗಡಿನ ಮಾಡಿನ ಸದ್ದಿನಲ್ಲಿ ಮಾಸ್ಟ್ರು ಎಣಿಸುವ ಜಪಾನಿ ಅಂಕಿಗಳು ಅರ್ಧಕ್ಕರ್ಧ ಮುಳುಗಿಹೋಗುತ್ತವೆ. ಸಿಮೆಂಟಿನ ನೆಲ ಬೆವತು ಜಾರುತ್ತಿರುವುದರಿಂದ ಮಕ್ಕಳು ಕಾಲು ಒರಸಿ ಒರಸಿ ನಿಲ್ಲುತ್ತಾರೆ. ಮೂಲೆಯಲ್ಲಿ ಕಂದು ಬೆಲ್ಟಿನ ಹುಡುಗಿಯೊಬ್ಬಳು ಒದೆಯಲು ಕೊಡುವ ದಪ್ಪ ಪ್ಯಾಡನ್ನು ಎರಡೂ ಕೈಯಲ್ಲಿ ಹೊಟ್ಟೆಗೆ ಒತ್ತಿ ಹಿಡಿದಿದ್ದಾಳೆ. ಎದುರಿಗೆ ಹಳದಿ ಬೆಲ್ಟಿನ ಸಣ್ಣ ಹುಡುಗ. ಅವನ ಒದೆ ಪ್ಯಾಡನ್ನು ಮುಟ್ಟುವ ಮೊದಲೇ ಸತ್ತುಹೋಗುತ್ತಿದೆ. ಆ ಅಕ್ಕನಿಗೆ ಪೆಟ್ಟಾದೀತೆಂಬ ಹೆದರಿಕೆಯೋ, ತಾನೇ ಬಿದ್ದೇನೆಂಬ ಹೆದರಿಕೆಯೋ. ‘ಹೆದ್ರ್ಬೇಡ ಮಾಣಿ, ಕಾಲ್ ಸಮಾ ಎತ್ತ್’ ಅನ್ನುತ್ತಾಳೆ. ಅವನು ಎತ್ತಿದಷ್ಟು ಎತ್ತರಕ್ಕೆ ಪ್ಯಾಡನ್ನು ಇಳಿಸುತ್ತಾಳೆ. ಎರಡು ಒದೆ ಸರಿಯಾಗಿ ಬಿದ್ದ ಮೇಲೆ ಅವನಿಗೆ ಗೊತ್ತಾಗದಂತೆ ಪ್ಯಾಡು ಎರಡು ಬೆರಳು ಮೇಲೆ ಹೋಗುತ್ತದೆ. ಸಾಲಾಗಿ ಸದ್ದು ಬರತೊಡಗಿದಾಗ ಹುಡುಗನ ಮುಖ ನೋಡಬೇಕು! ತನ್ನ ಕಾಲಿನಲ್ಲಿ ಇಷ್ಟು ಸದ್ದು ಇತ್ತೆಂದು ಅವನಿಗೇ ಗೊತ್ತಿರಲಿಲ್ಲ.

ಆ ಸಂಜೆ ಕಲಿತವರು ಯಾರು? ಹುಡುಗನ ಒದೆ ಸುಧಾರಿಸಿತು, ಸರಿ. ಹುಡುಗಿಯ ಕೆಲಸ ಅದಕ್ಕಿಂತ ಕಷ್ಟದ್ದು. ಬರುವ ಒದೆಯ ಭಾರ ಅಂದಾಜಿಸಿ ತನ್ನ ಸೊಂಟವನ್ನು ಅಷ್ಟೇ ಬಿಗಿಯಾಗಿ ಇಡಬೇಕು. ತೀರ ಬಿಗಿ ಹಿಡಿದರೆ ಅವನ ಮಂಡಿಗೆ ಪೆಟ್ಟು, ಸಡಿಲ ಬಿಟ್ಟರೆ ಇವಳ ಹೊಟ್ಟೆಗೆ. ಅವನ ತಪ್ಪು ಎಲ್ಲಿ ಹುಟ್ಟುತ್ತದೆ, ಮೊಣಕಾಲಿನಲ್ಲೋ ಹಿಮ್ಮಡಿಯಲ್ಲೋ ಎಂದು ಗುರುತಿಸಬೇಕು. ತಾನು ನಾಲ್ಕು ವರ್ಷದ ಹಿಂದೆ ಮಾಡಿದ ತಪ್ಪೇ ಅದು ಎಂದು ಅವಳಿಗೆ ನೆನಪಾಗಲೇಬೇಕು. ಯಾವ ಟ್ಯೂಷನ್ ಕೊಠಡಿಯೂ ಇದನ್ನು ಕಲಿಸುವುದಿಲ್ಲ. ಅಲ್ಲಿ ಪಕ್ಕದ ಬೆಂಚಿನವನಿಗೆ ಲೆಕ್ಕ ಹೇಳಿಕೊಟ್ಟರೆ ಅವನು ನಿನಗಿಂತ ಒಂದು ಅಂಕ ಮುಂದೆ ಹೋದಾನು ಎಂಬ ಭಯ ಗಾಳಿಯಲ್ಲೇ ಇರುತ್ತದೆ. ಕರಾಟೆ ಹಾಲಿನಲ್ಲಿ ಪಕ್ಕದವನು ಚೆನ್ನಾಗಿ ಕಲಿಯದಿದ್ದರೆ ನಷ್ಟ ನಿನಗೇ. ನಾಳೆ ಜೊತೆಗೆ ಅಭ್ಯಾಸ ಮಾಡಲು ನಿನಗೊಬ್ಬ ಒಳ್ಳೆಯ ಎದುರಾಳಿ ಬೇಡವೆ?

ಇದು ಯಾರೋ ಒಳ್ಳೆಯ ಮಾಸ್ಟ್ರು ತಮ್ಮ ಔದಾರ್ಯಕ್ಕೆ ಸೇರಿಸಿಕೊಂಡ ಗುಣ ಎಂದುಕೊಳ್ಳಬಾರದು. ನಾವು ಇಂದು ಕಾಣುವ ಸಮರಕಲೆಯ ಕ್ಲಾಸಿನ ನಕ್ಷೆ ಹಾಕಿದವರೇ ಇದನ್ನು ಅಡಿಪಾಯದಲ್ಲಿ ಇಟ್ಟಿದ್ದಾರೆ. ಜಿಗೊರೊ ಕಾನೊ 1882ರಲ್ಲಿ ಟೋಕಿಯೊದ ಒಂದು ಬೌದ್ಧ ದೇವಾಲಯದಲ್ಲಿ ಹನ್ನೆರಡು ಚಾಪೆಯ ಜಾಗ ಹಿಡಿದು, ಬೆರಳೆಣಿಕೆಯ ಶಿಷ್ಯರೊಂದಿಗೆ ಕೊಡೊಕಾನ್ ಎಂಬ ತಮ್ಮ ಶಾಲೆಯನ್ನು ಶುರುಮಾಡಿದಾಗ ಅವರಿಗೆ ಇಪ್ಪತ್ತೆರಡರ ಆಸುಪಾಸು. ಸಣ್ಣ ಮೈಕಟ್ಟಿನವರು, ಶಾಲೆಯಲ್ಲಿ ದೊಡ್ಡ ಹುಡುಗರ ಕಾಟ ತಿಂದವರು. ಹಳೆಯ ಜುಜುತ್ಸುವಿನಿಂದ ಮೂಳೆ ಮುರಿಯುವ ಪಟ್ಟುಗಳನ್ನು ಬದಿಗಿಟ್ಟು, ಇಬ್ಬರೂ ಪೂರ್ಣ ಬಲದಿಂದ ಸೆಣಸಿಯೂ ಮರುದಿನ ಮತ್ತೆ ಬರಬಹುದಾದ ಜೂಡೊ ಎಂಬ ಪದ್ಧತಿಯನ್ನು ಅವರು ಕಟ್ಟಿದರು. ಆ ಜೂಡೊದಲ್ಲಿ ಕಲಿಯುವವನು ಮೊದಲು ಕಲಿಯಬೇಕಾದ್ದು ಬೀಳುವುದನ್ನು. ಎಸೆಯುವವನ ಕಲಿಕೆ ಬೀಳಲು ಒಪ್ಪಿ ಬಂದವನ ಮೈಮೇಲೆ ನಿಂತಿದೆ. 1922ರ ಹೊತ್ತಿಗೆ ಕಾನೊ ತಮ್ಮ ಪದ್ಧತಿಯನ್ನು ಎರಡು ಸೂತ್ರಗಳಿಗೆ ಇಳಿಸಿದರು: ಶಕ್ತಿಯನ್ನು ವ್ಯರ್ಥ ಮಾಡದೆ ಬಳಸುವುದು, ತಾನೂ ಎದುರಿನವನೂ ಕೂಡಿ ಏಳಿಗೆ ಹೊಂದುವುದು. ಅದೇ 1922ರಲ್ಲಿ ಒಕಿನಾವಾದಿಂದ ಬಂದು ಟೋಕಿಯೊದಲ್ಲಿ ಕರಾಟೆ ಪ್ರದರ್ಶಿಸಿದ ಗಿಚಿನ್ ಫುನಾಕೋಶಿಯನ್ನು ಕೊಡೊಕಾನಿಗೆ ಕರೆಸಿಕೊಂಡವರೂ ಕಾನೊ. ಬೆಲ್ಟಿನ ಪದ್ಧತಿ ಜೂಡೊದಿಂದ ಕರಾಟೆಗೆ ಹೋದದ್ದು ಹೀಗೆ. ಕಾನೊ ಶಿಕ್ಷಕರ ತರಬೇತಿ ಕಾಲೇಜಿನ ಮುಖ್ಯಸ್ಥರಾಗಿದ್ದವರು, ಫುನಾಕೋಶಿ ದಶಕಗಳ ಕಾಲ ಶಾಲಾ ಮೇಷ್ಟ್ರಾಗಿದ್ದವರು. ಸಿನಿಮಾಗಳು ನಮಗೆ ಗುಹೆಯಲ್ಲಿ ತಪಸ್ಸು ಮಾಡುವ ಗುರುಗಳನ್ನು ತೋರಿಸಿವೆ. ವಾಸ್ತವದಲ್ಲಿ ಈ ಕಲೆಗಳನ್ನು ಇಂದಿನ ರೂಪಕ್ಕೆ ತಂದವರು ಹಾಜರಿ ಪುಸ್ತಕ ಹಿಡಿದ ಮಾಸ್ಟ್ರುಗಳು.

ಜಪಾನಿನವರೆಗೆ ಹೋಗಬೇಕಾದ್ದೂ ಇಲ್ಲ. ಸೀತಾನದಿಯ ಆಚೀಚೆ, ತುಳುವೂ ಕುಂದಗನ್ನಡವೂ ಬೆರೆಯುವ ಈ ಸೀಮೆಯಲ್ಲಿ ಬೈದರ್ಕಳ ಗರಡಿಗಳಿವೆ. ಇಂದು ಅವು ನೇಮ, ಪೂಜೆಯ ತಾಣಗಳು. ಹೆಸರು ಮಾತ್ರ ಸಾಮು ಮಾಡುವ ಜಾಗದ್ದು. ಅಲ್ಲಿ ನೆಲೆಯಾದವರು ಕೋಟಿ ಚೆನ್ನಯರು, ಒಂಟಿ ವೀರರಲ್ಲ, ಜೋಡಿ. ಒಬ್ಬ ಬಿದ್ದ ಮೇಲೆ ಇನ್ನೊಬ್ಬ ಬದುಕಲೊಲ್ಲದ ಕಥೆ ಅದು. ಯುದ್ಧವಿದ್ಯೆಯ ನೆನಪನ್ನು ಜೋಡಿಯಾಗಿಯೇ ಉಳಿಸಿಕೊಂಡ ನಾಡಿಗೆ ಕಾನೊ ಹೇಳಿದ್ದು ಹೊಸದೆನಿಸಬಾರದು.

ಬೆಲ್ಟಿಗೂ ನಮ್ಮಲ್ಲಿ ಹಳೆಯ ಜೊತೆಗಾರನಿದ್ದಾನೆ. ಮಂದಾರ್ತಿಯಂಥ ಬಯಲಾಟದ ಮೇಳಗಳಲ್ಲಿ ಹುಡುಗನೊಬ್ಬ ಸೇರಿದರೆ ಮೊದಲು ಪೂರ್ವರಂಗದ ಕೋಡಂಗಿ, ಆಮೇಲೆ ಬಾಲಗೋಪಾಲ, ಸ್ತ್ರೀವೇಷ, ಹೀಗೆ ವರ್ಷಗಟ್ಟಲೆ ಹತ್ತಬೇಕಿತ್ತು. ಎರಡನೇ ವೇಷದ ಹೊತ್ತಿಗೆ ತಲೆಗೂದಲು ನರೆಯುವುದೂ ಇತ್ತು. ಪರೀಕ್ಷಾ ಶುಲ್ಕ ಇರಲಿಲ್ಲ, ಸರ್ಟಿಫಿಕೇಟೂ ಇರಲಿಲ್ಲ. ಹಿರಿಯ ಕಲಾವಿದನ ಎದುರು ನಿಂತು ಅರ್ಥ ಹೇಳುವಾಗ ಆತ ಮಾತು ಇಳಿಸಿಕೊಟ್ಟರೆ ಕಿರಿಯ ಉಳಿದ, ಏರಿಸಿ ಬಿಟ್ಟರೆ ಚೌಕಿಗೆ ಹೋಗಿ ಅತ್ತ. ಇಳಿಸಿಕೊಡುವ ದೊಡ್ಡವರೂ ಇದ್ದರು, ಕಾಲು ಎಳೆಯುವ ದೊಡ್ಡವರೂ ಇದ್ದರು. ಇನ್ನೊಂದು ಮಾತನ್ನೂ ಹೇಳಬೇಕು: ಹಳೆಯ ಗರಡಿಯಾಗಲಿ ಮೇಳವಾಗಲಿ ಎಲ್ಲರಿಗೂ ತೆರೆದಿರಲಿಲ್ಲ. ಹೆಣ್ಣುಮಕ್ಕಳು ಆಚೆಗೇ ಇದ್ದರು, ಜಾತಿಯ ಗೆರೆ ಇತ್ತು. ಶಾಲೆಯ ಹಾಲಿನ ಕರಾಟೆ ಕ್ಲಾಸಿನಲ್ಲಿ ಈ ಎರಡೂ ಗೆರೆ ಅಳಿಸಿಹೋಗಿವೆ. ಯಾರ ಮನೆಯ ಮಗು ಯಾರ ಮನೆಯ ಮಗುವಿನ ಕಾಲು ಹಿಡಿದು ಒದೆ ತಿದ್ದುತ್ತಿದೆ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ‘ಹಿಂದಿನವರು ಎಷ್ಟು ಚೆನ್ನಾಗಿದ್ದರು’ ಎಂಬ ಹಳಹಳಿಕೆಗೆ ಹೊರಟವರು ಇದನ್ನು ಲೆಕ್ಕಕ್ಕೆ ಹಿಡಿಯಬೇಕು.

ಛಲ ಎಂದಕೂಡಲೇ ಈ ಭಾಗದಲ್ಲಿ ನೆನಪಾಗುವ ಹೆಸರು ಗುರುರಾಜ ಪೂಜಾರಿ ಅವರದು. ವಂಡ್ಸೆಯ ಹತ್ತಿರದ ಚಿತ್ತೂರಿನವರು, ತಂದೆ ವಾಹನ ಚಾಲಕರು, ಮಕ್ಕಳು ಹಲವರಿದ್ದ ದೊಡ್ಡ ಸಂಸಾರ. 2018ರ ಏಪ್ರಿಲ್ 5ರಂದು ಆಸ್ಟ್ರೇಲಿಯಾದ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 56 ಕೆಜಿ ವಿಭಾಗದ ಭಾರ ಎತ್ತುವ ಸ್ಪರ್ಧೆಯಲ್ಲಿ ಬೆಳ್ಳಿ ಗೆದ್ದರು. ಆ ಕೂಟದಲ್ಲಿ ಭಾರತಕ್ಕೆ ಬಂದ ಮೊದಲ ಪದಕ ಅದು. ಭಾರ ಎತ್ತುವುದು ಸಮರಕಲೆಯಲ್ಲವಲ್ಲ ಎಂದು ಕೇಳಬಹುದು. ಅಲ್ಲ. ಆದರೆ ಗುರುರಾಜ್ ಮನೆ ಬಿಟ್ಟು ಹೊರಟಿದ್ದು ಕುಸ್ತಿಪಟುವಾಗಲು. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಸುಶೀಲ್ ಕುಮಾರ್ ಕಂಚು ಗೆದ್ದದ್ದನ್ನು ನೋಡಿ ಅಖಾಡದ ಕನಸು ಕಟ್ಟಿಕೊಂಡಿದ್ದವರು. ಉಜಿರೆಯ ಎಸ್‌ಡಿಎಂ ಕಾಲೇಜಿಗೆ ಬಂದಾಗ ಅಲ್ಲಿನ ತರಬೇತುದಾರ ರಾಜೇಂದ್ರ ಪ್ರಸಾದ್ ಈ ಗಿಡ್ಡ, ಗಟ್ಟಿ ಮೈಕಟ್ಟಿನ ಹುಡುಗನನ್ನು ನೋಡಿ ನಿನ್ನ ದಾರಿ ಇದಲ್ಲ, ಬಾರ್‌ಬೆಲ್ ಎಂದು ತಿರುಗಿಸಿದರು.

ಛಲದ ಕಥೆಗಳನ್ನು ನಾವು ಹೇಳುವ ರೀತಿಯಲ್ಲಿ ಈ ಘಟನೆಗೆ ಜಾಗವೇ ಇಲ್ಲ. ‘ಹಿಡಿದದ್ದನ್ನು ಬಿಡಲಿಲ್ಲ, ಆದ್ದರಿಂದ ಗೆದ್ದ’ ಎನ್ನುವುದು ಭಾಷಣದ ಧಾಟಿ. ಗುರುರಾಜ್ ಬಿಟ್ಟರು! ಬಾಲ್ಯದ ಕನಸನ್ನೇ ಬಿಟ್ಟರು. ಬಿಡಬೇಕೆಂದು ಹೇಳಬಲ್ಲ ಇನ್ನೊಬ್ಬರ ಕಣ್ಣು ಅಲ್ಲಿತ್ತು, ಆ ಮಾತನ್ನು ನಂಬುವ ವಿಶ್ವಾಸ ಇವರಲ್ಲಿತ್ತು. ಹಠಕ್ಕೂ ಛಲಕ್ಕೂ ಇರುವ ವ್ಯತ್ಯಾಸ ಒಬ್ಬನೇ ಕೂತು ಯೋಚಿಸಿದರೆ ಹೊಳೆಯುವುದಿಲ್ಲ. ಒಳಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ.

ಮುಂದಿನ ಕಥೆ ಇನ್ನೂ ಸ್ವಾರಸ್ಯದ್ದು. ಗೋಲ್ಡ್ ಕೋಸ್ಟ್‌ನಲ್ಲಿ ಗುರುರಾಜ್ ಎತ್ತಿದ್ದು ಸ್ನ್ಯಾಚ್‌ನಲ್ಲಿ 111, ಕ್ಲೀನ್ ಅಂಡ್ ಜರ್ಕ್‌ನಲ್ಲಿ 138, ಒಟ್ಟು 249 ಕೆಜಿ. ಆ 138 ಬಂದದ್ದು ಕಟ್ಟಕಡೆಯ ಯತ್ನದಲ್ಲಿ. ಮೂರನೆಯ ಸ್ಥಾನಕ್ಕೆ ಸರಿದ ಶ್ರೀಲಂಕಾದ ಸ್ಪರ್ಧಿಯದು 248. ಅದೇ ವರ್ಷದ ಕೊನೆಗೆ ಅಂತರರಾಷ್ಟ್ರೀಯ ಒಕ್ಕೂಟ ತೂಕದ ವಿಭಾಗಗಳನ್ನೇ ಬದಲಿಸಿತು, 56 ಕೆಜಿ ಎಂಬ ವಿಭಾಗ ಇಲ್ಲವಾಯಿತು. ಬೆಳ್ಳಿ ಗೆದ್ದ ಮೈಯನ್ನು ಬಿಚ್ಚಿ ಹೊಸದಾಗಿ ಕಟ್ಟಬೇಕಾಯಿತು. ನಾಲ್ಕು ವರ್ಷದ ಬಳಿಕ, 2022ರ ಜುಲೈ 30ರಂದು ಬರ್ಮಿಂಗ್‌ಹ್ಯಾಮಿನಲ್ಲಿ 61 ಕೆಜಿ ವಿಭಾಗದಲ್ಲಿ 118 ಮತ್ತು 151, ಒಟ್ಟು 269 ಕೆಜಿ ಎತ್ತಿ ಕಂಚು ಪಡೆದರು. ನಾಲ್ಕನೆಯವನಾದ ಕೆನಡಾದ ಸ್ಪರ್ಧಿ ನಿಂತದ್ದು 268ಕ್ಕೆ. ಎರಡು ಕೂಟ, ಎರಡು ಪದಕ, ಎರಡೂ ಸಲ ಅಂತರ ಒಂದೇ ಒಂದು ಕೆಜಿ.

ಒಂದು ಕೆಜಿ ಎಂದರೆ ಸಕ್ಕರೆಯ ಪೊಟ್ಟಣ. ಅದನ್ನು ಎತ್ತಿದ್ದು ಗುರುರಾಜ್ ಅವರೇ, ಸಂಶಯವಿಲ್ಲ. ಆದರೆ ಈ ಕ್ರೀಡೆಯನ್ನು ಬಲ್ಲವರಿಗೆ ಗೊತ್ತು: ಯಾವ ಯತ್ನಕ್ಕೆ ಎಷ್ಟು ಭಾರ ಬರೆಸಬೇಕು, ಎದುರಾಳಿ ಎಷ್ಟು ಕೇಳಿದಾನು, ತನ್ನ ಹುಡುಗನ ಮೊಣಕಾಲು ಇವತ್ತು ಎಷ್ಟು ತಾಳೀತು ಎಂಬ ಲೆಕ್ಕಗಳೆಲ್ಲ ವೇದಿಕೆಯ ಹಿಂದೆ, ಮೈ ಕಾಯಿಸುವ ಕೋಣೆಯಲ್ಲಿ ನಡೆಯುತ್ತವೆ. ಅಲ್ಲಿ ಕೋಚ್‌ಗಳು ಚೀಟಿ ಹಿಡಿದು ಕೂತಿರುತ್ತಾರೆ. ವೇದಿಕೆಯ ಮೇಲೆ ಇಷ್ಟು ಒಂಟಿಯಾಗಿ ಕಾಣುವ ಆಟ ಇನ್ನೊಂದಿಲ್ಲ. ಅಂಥದ್ದರಲ್ಲೂ ಗೆಲುವಿನ ಅಂಚು ಬೇರೆಯವರ ಕೈಯಲ್ಲಿ ಅಷ್ಟಿಷ್ಟು ಇರುತ್ತದೆ ಎಂದಮೇಲೆ, ಎದುರಾಳಿಯ ಮೈ ಮುಟ್ಟದೆ ಕಲಿಯಲಾಗದ ಕುಸ್ತಿ, ಜೂಡೊ, ಕರಾಟೆಗಳ ಮಾತೇನು?

ಇಲ್ಲಿಗೆ ನಿಲ್ಲಿಸಿದರೆ ಲೇಖನ ಸಿಹಿಯಾಗಿ ಮುಗಿಯುತ್ತಿತ್ತು. ಆದರೆ ಗುರುರಾಜ್ ಅವರಿಗೆ ಹದಿಹರೆಯದಲ್ಲಿ ಕನಸು ಹತ್ತಿಸಿದ ಸುಶೀಲ್ ಕುಮಾರ್ ಹೆಸರನ್ನು ದಾಟಿ ಹೋಗುವುದು ಸರಿಯಲ್ಲ. ಎರಡು ಒಲಿಂಪಿಕ್ ಪದಕಗಳ ಆ ಕುಸ್ತಿಪಟು 2021ರ ಮೇ ತಿಂಗಳಲ್ಲಿ ಬಂಧನಕ್ಕೊಳಗಾದದ್ದು ಕಿರಿಯ ಕುಸ್ತಿಪಟುವೊಬ್ಬರ ಕೊಲೆಯ ಆರೋಪದಲ್ಲಿ. ತಾವು ತರಬೇತಾದ ದೆಹಲಿಯ ಛತ್ರಸಾಲ್ ಕ್ರೀಡಾಂಗಣದ ಆವರಣದಲ್ಲಿ ನಡೆಯಿತೆನ್ನಲಾದ ಹಲ್ಲೆಯ ಪ್ರಕರಣ ಅದು. ತಪ್ಪೋ ಸರಿಯೋ ಹೇಳಬೇಕಾದದ್ದು ನ್ಯಾಯಾಲಯ. ನಮ್ಮ ಚರ್ಚೆಗೆ ಬೇಕಾದ ಪ್ರಶ್ನೆ ಮಾತ್ರ ಅಲ್ಲಿಯವರೆಗೆ ಕಾಯುವುದಿಲ್ಲ: ಅಖಾಡದ ಮಣ್ಣಿಗೆ ನಮಸ್ಕರಿಸಿ ಇಳಿಯುವ ಸಂಪ್ರದಾಯವೇ ಮನುಷ್ಯನನ್ನು ಒಳ್ಳೆಯವನನ್ನಾಗಿ ಮಾಡುತ್ತದೆಯೆ? 2023ರ ಜನವರಿಯಲ್ಲಿ ಲೈಂಗಿಕ ಕಿರುಕುಳದ ವಿರುದ್ಧ ಜಂತರ್ ಮಂತರ್‌ನಲ್ಲಿ ಧರಣಿ ಕೂತ ಕುಸ್ತಿಪಟುಗಳಾದ ವಿನೇಶ್ ಫೋಗಟ್, ಸಾಕ್ಷಿ ಮಲಿಕ್ ಅವರ ಅಳಲನ್ನು ನೆನಪಿಸಿಕೊಂಡರೆ ಇನ್ನೊಂದು ಪ್ರಶ್ನೆ ಏಳುತ್ತದೆ. ‘ಗುರುವಿಗೆ ಎದುರಾಡಬಾರದು’ ಎಂಬ ಪಾಠ ಎಷ್ಟು ಜನರ ಬಾಯಿ ಕಟ್ಟಿದೆ?

ಆದ್ದರಿಂದ ‘ಸಮರಕಲೆಯಿಂದ ಮೌಲ್ಯ ಬರುತ್ತದೆ’ ಎಂದು ಬ್ಯಾನರು ಕಟ್ಟುವವರ ಮಾತನ್ನು ನಾನು ಒಪ್ಪುವುದಿಲ್ಲ. ಬಗ್ಗಿ ನಮಸ್ಕರಿಸುವುದು ಒಂದು ಅಭ್ಯಾಸ, ಅಷ್ಟೆ. ಬಲ ಇದ್ದವನು ಬಲ ಇಲ್ಲದವನಿಗೆ ಏನು ಮಾಡುತ್ತಾನೆ ಎಂಬುದನ್ನು ಪ್ರತಿ ದಿನ ಎಲ್ಲರ ಎದುರಿಗೆ ಪರೀಕ್ಷೆಗೆ ಒಡ್ಡಿದರೆ ಆ ಅಭ್ಯಾಸಕ್ಕೆ ಅರ್ಥ ಬರುತ್ತದೆ. ಹಿರಿಯ ಪಟು ಕಿರಿಯನ ಜೊತೆ ಸೆಣಸುವಾಗ ಅವನ ಪೆಟ್ಟು ಎಲ್ಲಿ ನಿಲ್ಲುತ್ತದೆ? ಚರ್ಮದ ಮೇಲೆ ನಿಂತರೆ ಅವನು ಕಲಿತಿದ್ದಾನೆ, ಒಳಕ್ಕೆ ಹೋದರೆ ಇಲ್ಲ. ಇದನ್ನು ನೋಡುವ ಕಣ್ಣು ಮಾಸ್ಟ್ರಿಗಿರಬೇಕು. ಮಾಸ್ಟ್ರನ್ನು ನೋಡುವ ಕಣ್ಣು ತಂದೆತಾಯಿಯರಿಗಿರಬೇಕು. ಪೋಷಕರಿಗೆ ಕೂತು ನೋಡಲು ಜಾಗ ಕೊಡದೆ ಬಾಗಿಲು ಹಾಕಿಕೊಂಡು ನಡೆಸುವ ಕ್ಲಾಸಿಗೆ ಮಗುವನ್ನು ಕಳಿಸಬೇಡಿ ಎಂದು ನೇರವಾಗಿಯೇ ಹೇಳುತ್ತೇನೆ.

ನಮ್ಮ ಕ್ಲಾಸುಗಳು ಈ ಪರೀಕ್ಷೆಯನ್ನು ಕೈಬಿಟ್ಟು ಇನ್ನೊಂದನ್ನು ಹಿಡಿದುಕೊಂಡಿವೆ. ಮೂರು ನಾಲ್ಕು ತಿಂಗಳಿಗೊಮ್ಮೆ ಬೆಲ್ಟು, ಪ್ರತಿ ಬಣ್ಣಕ್ಕೂ ಶುಲ್ಕ. ಕಾನೊ ಕಾಲಕ್ಕೆ ಮುಖ್ಯವಾಗಿ ಎರಡೇ ಬಣ್ಣ, ಬಿಳಿ ಮತ್ತು ಕಪ್ಪು. ನಡುವಿನ ಕಾಮನಬಿಲ್ಲು ಆಮೇಲೆ ಯುರೋಪಿನಲ್ಲಿ ಬೆಳೆದದ್ದು. ಬಣ್ಣ ಇರುವುದು ತಪ್ಪಲ್ಲ, ಸಣ್ಣ ಮಕ್ಕಳಿಗೆ ಮುಂದಿನ ಮೆಟ್ಟಿಲು ಕಾಣಬೇಕು. ಆದರೆ ಆ ಪರೀಕ್ಷೆಯಲ್ಲಿ ಮಗು ಒಂಟಿಯಾಗಿ ಕಟಾ, ಅಂದರೆ ಗೊತ್ತುಪಡಿಸಿದ ಚಲನೆಗಳ ಸರಣಿ, ಮಾಡಿ ತೋರಿಸುತ್ತದೆ, ಅಂಕ ಬರುತ್ತದೆ, ಬೆಲ್ಟು ಬರುತ್ತದೆ. ಎಸ್ಸೆಸ್ಸೆಲ್ಸಿಯಲ್ಲಿ ನಡೆಯುವುದೂ ಇಷ್ಟೇ. ಇದರ ಜೊತೆಗೆ ಭಾನುವಾರ ಯಾವುದೋ ಕಲ್ಯಾಣ ಮಂಟಪದಲ್ಲಿ ನಡೆಯುವ ‘ರಾಷ್ಟ್ರಮಟ್ಟದ’ ಚಾಂಪಿಯನ್‌ಶಿಪ್ಪುಗಳು. ವಯಸ್ಸು, ತೂಕ, ಬೆಲ್ಟು ಎಂದು ಅದೆಷ್ಟು ವಿಭಾಗ ಮಾಡಿರುತ್ತಾರೆಂದರೆ ಹೋದ ಮಕ್ಕಳೆಲ್ಲ ಕೊರಳಿಗೆ ಏನಾದರೊಂದು ಹಾಕಿಕೊಂಡೇ ಬರುತ್ತಾರೆ. ಮರುದಿನ ಪತ್ರಿಕೆಯ ಸ್ಥಳೀಯ ಪುಟದಲ್ಲಿ ಫೋಟೊ. ಖುಷಿಪಡಲಿ, ಬೇಡವೆನ್ನುವುದಿಲ್ಲ. ಆದರೆ ಸೋಲನ್ನು ಹೇಗೆ ಹೊರಬೇಕೆಂದು ಕಲಿಸಲು ಕಟ್ಟಿದ ವಿದ್ಯೆಯಲ್ಲಿ ಯಾರೂ ಸೋಲದಂತೆ ನೋಡಿಕೊಳ್ಳುವುದು ದೊಡ್ಡ ತಮಾಷೆ.

ನನ್ನ ಸಲಹೆ ಸಣ್ಣದು. ಕಂದು ಬೆಲ್ಟಿನಿಂದ ಮೇಲಿನ ಪರೀಕ್ಷೆಗೆ ಬರುವ ಮಗು ಒಂಟಿಯಾಗಿ ಬರಬಾರದು. ತಾನು ಆರು ತಿಂಗಳು ಕಲಿಸಿದ ಒಬ್ಬ ಬಿಳಿ ಅಥವಾ ಹಳದಿ ಬೆಲ್ಟಿನ ಮಗುವನ್ನು ಜೊತೆಗೆ ಕರೆತರಲಿ. ಅರ್ಧ ಅಂಕ ತನ್ನ ಕಟಾಕ್ಕೆ, ಇನ್ನರ್ಧ ಆ ಮಗುವಿನ ಪ್ರಗತಿಗೆ. ಕಿರಿಯ ಮಗುವಿಗೆ ಏನೂ ಬಾರದಿದ್ದರೆ ಹಿರಿಯನಿಗೆ ಬೆಲ್ಟಿಲ್ಲ. ಇದರಿಂದ ಆದಾಯ ಕಡಿಮೆಯಾಗುತ್ತದೆ ಎಂದು ಮಾಸ್ಟ್ರುಗಳು ಅಂದುಕೊಂಡಾರು, ನಿಜ. ಆದರೆ ಕ್ಲಾಸು ಬಿಟ್ಟುಹೋಗುವ ಮಕ್ಕಳ ಸಂಖ್ಯೆಯೂ ಇಳಿದೀತು. ಹನ್ನೆರಡು ಹದಿಮೂರರ ವಯಸ್ಸಿನಲ್ಲಿ ಮಕ್ಕಳು ಬಿಡಲು ಟ್ಯೂಷನ್ ಒಂದೇ ಕಾರಣವಲ್ಲ. ಅದೇ ಕಟಾ, ಅದೇ ಎಣಿಕೆ ಬೇಸರ ತರಿಸುತ್ತದೆ. ಅದೇ ಕಟಾವನ್ನು ಇನ್ನೊಬ್ಬರಿಗೆ ಹೇಳಿಕೊಡಬೇಕಾದಾಗ ಅದು ಹೊಸದಾಗುತ್ತದೆ. ಹತ್ತನೇ ತರಗತಿಯ ಮಗುವಿಗೂ ವಾರಕ್ಕೊಂದು ಸಂಜೆ ತಾನು ಬೆವರು ಹರಿಸದಿದ್ದರೂ ಸಣ್ಣವರಿಗೆ ಪ್ಯಾಡ್ ಹಿಡಿದು ಬರುವಷ್ಟು ಬಿಡುವು ಯಾವ ರ‍್ಯಾಂಕನ್ನೂ ಕೆಡಿಸುವುದಿಲ್ಲ. ಮಾದರಿ ಪರೀಕ್ಷೆಯಲ್ಲಿ ಗಣಿತ ಕೈಕೊಟ್ಟ ಸಂಜೆ ಆ ಮಗುವಿಗೆ ಬೇಕಾಗಿರುವುದು ತನ್ನಿಂದ ಇನ್ನೂ ಯಾರಿಗೋ ಉಪಯೋಗವಿದೆ ಎಂಬ ಸಾಕ್ಷಿ. ಮೊಬೈಲ್ ಅದನ್ನು ಕೊಡಲಾರದು.

ಹೆಣ್ಣುಮಕ್ಕಳ ವಿಷಯ ಬೇರೆಯಾಗಿಯೇ ಹೇಳಬೇಕಾದದ್ದು. ಸಮಗ್ರ ಶಿಕ್ಷಣ ಯೋಜನೆಯಡಿ ಆರರಿಂದ ಹನ್ನೆರಡನೇ ತರಗತಿಯ ಹುಡುಗಿಯರಿಗೆ ರಾಣಿ ಲಕ್ಷ್ಮೀಬಾಯಿ ಹೆಸರಿನಲ್ಲಿ ಮೂರು ತಿಂಗಳ ಆತ್ಮರಕ್ಷಣೆಯ ತರಬೇತಿ ಇದೆ. ಮೂರು ತಿಂಗಳಲ್ಲಿ ಏನಾದೀತು ಎಂದು ಮೂಗು ಮುರಿಯುವವರಿದ್ದಾರೆ. ಅವರ ಮಾತು ಅರ್ಧ ಮಾತ್ರ ಸರಿ. ಕೆನಡಾದ ಮೂರು ವಿಶ್ವವಿದ್ಯಾಲಯಗಳ ಹೊಸ ವಿದ್ಯಾರ್ಥಿನಿಯರ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಅಲ್ಲಿ ಕೊಟ್ಟದ್ದು ಬರೀ ಹನ್ನೆರಡು ಗಂಟೆಯ ತರಬೇತಿ. ಅದನ್ನು ಪಡೆದವರಲ್ಲಿ ಒಂದು ವರ್ಷದೊಳಗೆ ಅತ್ಯಾಚಾರಕ್ಕೊಳಗಾದವರ ಪ್ರಮಾಣ ಶೇ 5.2, ಪಡೆಯದವರಲ್ಲಿ ಶೇ 9.8. ಹತ್ತಿರಹತ್ತಿರ ಅರ್ಧ! ಹೊಡೆತ, ತಪ್ಪಿಸಿಕೊಳ್ಳುವ ಪಟ್ಟು ಆ ಹನ್ನೆರಡು ಗಂಟೆಯಲ್ಲಿ ಒಂದು ಭಾಗ ಮಾತ್ರ. ಉಳಿದದ್ದು, ಪರಿಚಯದವನಿಂದಲೇ ಬರುವ ಅಪಾಯವನ್ನು ಗುರುತಿಸುವುದು, ‘ಅವನಿಗೆ ಬೇಜಾರಾದೀತು’ ಎಂಬ ಸಂಕೋಚವನ್ನು ದಾಟುವುದು, ತನಗೇನು ಬೇಕು ಏನು ಬೇಡ ಎಂದು ಗಟ್ಟಿಯಾಗಿ ಹೇಳುವುದು. ನಮ್ಮಲ್ಲೂ ದೌರ್ಜನ್ಯದ ಬಹುಪಾಲು ಪ್ರಕರಣಗಳಲ್ಲಿ ಆರೋಪಿ ಗೊತ್ತಿದ್ದವನೇ. ನೆಂಟನಿಗೆ, ವ್ಯಾನಿನ ಡ್ರೈವರಿಗೆ, ನೆರೆಮನೆಯವನಿಗೆ ದನಿಯೆತ್ತಿ ‘ಬೇಡ’ ಎನ್ನಲು ಬಾರದ ಹುಡುಗಿಗೆ ಒದೆ ಕಲಿಸಿದರೆ ಅದು ಪ್ರದರ್ಶನಕ್ಕೆ ಆದೀತು. ಮಾಸ್ಟ್ರು ತಪ್ಪಾಗಿ ಮುಟ್ಟಿದರೆ ಮಾಸ್ಟ್ರಿಗೂ ಅದನ್ನೇ ಹೇಳಬೇಕೆಂದು ಮೊದಲ ದಿನವೇ ಕಲಿಸದಿದ್ದರೆ ಉಳಿದದ್ದೆಲ್ಲ ಬೂಟಾಟಿಕೆ.

ಮೂರು ತಿಂಗಳ ಬಗ್ಗೆ ನನ್ನ ಕೊರಗು ಅದರ ಅವಧಿಯದ್ದಲ್ಲ. ತರಬೇತುದಾರ ಬರುತ್ತಾನೆ, ಕಲಿಸುತ್ತಾನೆ, ಫೋಟೊ ತೆಗೆಯುತ್ತಾರೆ, ಹೋಗುತ್ತಾನೆ. ಮರುವರ್ಷ ಮತ್ತೆ ಮೊದಲಿನಿಂದ. ಕಲಿತ ಹುಡುಗಿಯರು ಶಾಲೆಯಲ್ಲೇ ಇದ್ದಾರಲ್ಲ, ಅವರನ್ನು ಯಾರೂ ಕೇಳುವುದಿಲ್ಲ. ಈ ವರ್ಷ ಕಲಿತ ಒಂಬತ್ತನೆಯ ತರಗತಿಯವರು ಮುಂದಿನ ಜೂನ್‌ನಿಂದ ಆರನೆಯ ತರಗತಿಯವರಿಗೆ ವಾರಕ್ಕೊಂದು ಸಂಜೆ ಹೇಳಿಕೊಡಲಿ. ತರಬೇತುದಾರ ಬಂದಾಗ ಅವನ ಕೆಲಸ ಆ ಹೇಳಿಕೊಡುವವರನ್ನು ತಿದ್ದುವುದಾಗಲಿ. ಸಭಾಂಗಣದ ಬೀಗದ ಕೈ ಸಂಜೆ ಐದರ ಮೇಲೆ ಯಾರ ಬಳಿ ಇರಬೇಕು, ದೈಹಿಕ ಶಿಕ್ಷಕರಿಲ್ಲದ ಶಾಲೆಯಲ್ಲಿ ಯಾವ ಟೀಚರು ನಿಲ್ಲಬೇಕು, ಎರಡು ಮೂರು ಪ್ಯಾಡು ಕೊಳ್ಳಲು ಹಣ ಎಲ್ಲಿಂದ ಬರಬೇಕು, ಮನೆಗೆ ಹೋಗುವ ಕೊನೆಯ ಬಸ್ಸು ಎಷ್ಟು ಗಂಟೆಗೆ? ಈ ನಾಲ್ಕು ಪ್ರಶ್ನೆಗಳಿಗೆ ಬೆಂಗಳೂರಿನಿಂದ ಸುತ್ತೋಲೆ ಬರುವುದನ್ನು ಕಾಯಬೇಕಾಗಿಲ್ಲ. ಶಾಲಾಭಿವೃದ್ಧಿ ಸಮಿತಿಯ ಒಂದು ಸಭೆಯಲ್ಲಿ, ಚಹಾ ಬರುವ ಮೊದಲೇ ತೀರ್ಮಾನ ಮಾಡಬಹುದಾದ ಸಂಗತಿಗಳು ಅವು.